ಸೀತನಿ ತಿನ್ನಾಕ ಬಂದ ಪ್ಲೇಗು

ಇಷ್ಟೆಲ್ಲ ರಾದ್ಧಾಂತ ಆದದ್ದು ಒಂದು ಹಿಡಿ ಸೀತನಿಯ ಸಲುವಾಗಿ.

ಬೇವೂರಿನ ಕಳಕಪ್ಪನ ಮಗಳು ಶೇಖರಮ್ಮ ಐದು ವರ್ಷದ ಮೇಲೆ ತವರಿಗೆ ಬಂದಿದ್ದಳು. ಬಂದದ್ದು ಗಂಡನ ಮನೆಯಿಂದಲ್ಲ, ಹೊಳೆಯಾಚೆ ಇಂಗ್ರೇಜಿ ಸರಕಾರದ ಸೀಮೆಯಲ್ಲಿದ್ದ ಒಂದು ಮಿಶನ್ ದವಾಖಾನೆಯಿಂದ. ಗಂಡ ಅನ್ನಿಸಿಕೊಂಡ ಹುಡುಗ ಮದುವೆಯಾದ ಮರುವರ್ಷವೇ ತೀರಿಹೋಗಿದ್ದ. ಮೂಲೆ ಹಿಡಿದು ಕುಳಿತಿದ್ದ ಹುಡುಗಿಯನ್ನು, ಯಲಬುರ್ಗಾದಲ್ಲಿ ಡೇರೆ ಹೊಡೆದು ಔಷಧ ಕೊಡುತ್ತಿದ್ದ ಆ ದವಾಖಾನೆಯ ಬಿಳಿ ಡಾಕ್ಟರು ಮಿಸ್ಸಮ್ಮ ನೋಡಿ, ಕಳಿಸಿಕೊಡಿರಿ, ದಾದಿಯ ಕೆಲಸ ಕಲಿಸುತ್ತೇನೆ ಅಂದಿದ್ದಳು. ಕಳಕಪ್ಪ ಊಟ ನಿದ್ದೆ ಬಿಟ್ಟು ವಿಚಾರ ಮಾಡಿ ಕಳಿಸಿಬಿಟ್ಟ. ಮಗಳನ್ನು ಪಾದ್ರಿಗಳಿಗೆ ಕೊಟ್ಟ ಅಂತ ಊರೆಲ್ಲ ಮುಖದ ಮೇಲೆ ಉಗುಳುವುದೊಂದು ಬಾಕಿ ಇತ್ತು. ಈಗ ಅದೇ ಊರು, ಅವಳು ಬಂದಳೆಂದು ಕೇಳಿದ್ದೇ ತಡ, ಬಾತ ಕಾಲು, ಸೋರುವ ಕಿವಿ, ಅಲ್ಲಾಡುವ ಹಲ್ಲು ಎಲ್ಲ ತಗೊಂಡು ಕಳಕಪ್ಪನ ಅಂಗಳಕ್ಕೆ ಬಂತು. ಊರಂದ್ರ ಹಾಂಗ. ಅದಕ್ಕ ನಾಚಿಕಿ ಇದ್ದಿದ್ರ ಊರು ಯಾಕ ಅನ್ನಿಸಿಕೋತಿತ್ತು.

ಅವಳು ಬಂದದ್ದು ನಿನ್ನೆ ಇಳಿಹೊತ್ತಿಗೆ, ಹೊರಡುವುದು ನಾಳೆ ಬೆಳಿಗ್ಗೆ. ಯಲಬುರ್ಗಾಕ್ಕೆ ಬಂದು ಇಳಿದಿದ್ದ ಮಿಸ್ಸಮ್ಮನ ಮೋಟಾರು ಬಂದು ಕರೆದುಕೊಂಡು ಹೋಗುತ್ತದೆ. ನಡುವೆ ಉಳಿದದ್ದು ಇವತ್ತಿನ ಒಂದು ದಿನ. ಆ ಒಂದು ದಿನದಲ್ಲಿ ಕಳಕಪ್ಪನ ಆಸೆ ಇಷ್ಟೇ. ಹೊಲದಲ್ಲಿ ಜೋಳ ಹಾಲುಗಾಳಾಗಿ ನಿಂತಿದೆ. ತೆನೆ ಮುರಿದು, ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಬಿಸಿಬಿಸಿ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಆ ಸೀತನಿಯನ್ನು ಮಗಳ ಕೈಗೆ ಹಾಕಬೇಕು. ಸಣ್ಣವಳಿದ್ದಾಗ ಅವಳು ಅಪ್ಪನ ಅಂಗೈಗೇ ಬಾಯಿ ಹಚ್ಚಿ ತಿನ್ನುತ್ತಿದ್ದಳು. ಐದು ಸುಗ್ಗಿ ಆತು, ಸೀತನಿ ಸುಟ್ಟಾಗೆಲ್ಲ ಕಳಕಪ್ಪನ ಗಂಟಲಲ್ಲಿ ಅದು ಇಳಿದಿರಲಿಲ್ಲ. ಮಗಳು ತಿನ್ನಬೇಕು, ತಿನ್ನುತ್ತ ಏನಾದರೂ ಮಾತಾಡಬೇಕು, ಅವನು ಕೇಳಬೇಕು. ನಿನ್ನೆ ದೀಪ ಆರಿಸುವ ತನಕ ಅವಳು ಮಂದಿಯ ಕಿವಿ ತೊಳೆದು ಎದ್ದಿದ್ದಳು. ಆರಾಮ ಅದೀಯೇನವ್ವ ಅಂತ ಕೇಳಲಿಕ್ಕೂ ಅವನಿಗೆ ಪಾಳಿ ಸಿಕ್ಕಿರಲಿಲ್ಲ.

ಹೊತ್ತು ಹುಟ್ಟುವ ಮೊದಲೇ ಎದುರುಮನೆಯ ಮಾರೆವ್ವ ತನ್ನ ಮೊಣಕಾಲು ಹಿಡಿದುಕೊಂಡು ಬಾಗಿಲಿಗೆ ಬಂದಳು. ಅವಳ ಹಿಂದೆ ಓಣಿಯ ತುದಿಯಲ್ಲಿ ಇನ್ನೂ ನಾಲ್ಕು ಮಂದಿ ಕೆಮ್ಮುತ್ತ ಬರುತ್ತಿದ್ದರು. ಕಳಕಪ್ಪನಿಗೆ ದಿನ ಹೋದದ್ದು ಕಣ್ಣಿಗೆ ಕಂಡಿತು. ಅವನು ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ, ಅದಕ್ಕೇ ಹೇಳಿದ್ದು ಅಷ್ಟು ದೊಡ್ಡದಾಯಿತು.

"ಯಕ್ಕಾ, ಅಲ್ಲೇ ನಿಂದರು," ಅಂದ. "ಈಕಿ ದವಾಖಾನ್ಯಾಗ ಪ್ಲೇಗಿನ ಮಂದಿ ಅದಾರಂತ. ಇವತ್ತೊಂದಿನ ಯಾರೂ ಈಕಿ ಹತ್ರ ಬರಬಾರದು."

ಮಾರೆವ್ವ ಬಂದ ಮೊಣಕಾಲು ಬೇರೆ, ಹೋದ ಮೊಣಕಾಲು ಬೇರೆ. ಅವಳು ಓಣಿ ದಾಟಿದ ಓಟ ನೋಡಿದರೆ ಅವಳಿಗೆ ನೋವು ಎಲ್ಲಿತ್ತೋ ದೇವರಿಗೇ ಗೊತ್ತು. ಕಳಕಪ್ಪ ಮೀಸೆಯಲ್ಲಿ ನಕ್ಕ. ಮಾರೆವ್ವನ ಕಿವಿಗೆ ಹಾಕಿದರೆ ಡಂಗುರ ಸಾರುವ ಕೆಲಸವಿಲ್ಲ, ಇನ್ನು ಒಂದು ನೊಣವೂ ಇತ್ತ ಬರುವುದಿಲ್ಲ ಅಂದುಕೊಂಡ. ಹೆಂಡತಿ ಪಂಪಮ್ಮನಿಗೆ ಮೊಸರು, ಬೆಲ್ಲ, ಶೇಂಗಾ ಚಟ್ನಿ ಕಟ್ಟಲು ಹೇಳಿದ. ಸುಳ್ಳಿನ ಸುದ್ದಿ ಅವಳಿಗೂ ಹೇಳಲಿಲ್ಲ. ಮಂದಿಯ ಕಣ್ಣು ತಪ್ಪಿಸಲೆಂದು ಹಿತ್ತಲ ಬಾಗಿಲಿಂದ ಹೊರಟು, ಹಳ್ಳದ ದಂಡೆ ಹಿಡಿದು, ಸುತ್ತುದಾರಿಯಲ್ಲಿ ಹೆಂಡತಿ ಮಗಳನ್ನು ನಡೆಸಿದ.

ಈ ಸುತ್ತುದಾರಿ ಸವೆಯುವಷ್ಟರಲ್ಲಿ ಊರಲ್ಲಿ ಆಗಬೇಕಾದದ್ದು ಆಗಿಹೋಯಿತು. ಪ್ಲೇಗು ಅನ್ನುವ ಮಾತನ್ನು ಆ ಕಾಲದ ಮಂದಿ ಎರಡನೇ ಸಲ ಕೇಳುತ್ತ ನಿಲ್ಲುತ್ತಿರಲಿಲ್ಲ. ಹಿಂದೊಮ್ಮೆ ನಿಂತು ಕೇಳಿದವರು ಯಾರೂ ಉಳಿದಿರಲಿಲ್ಲ. ಮೊದಲು ಗಂಟುಮೂಟೆ ಕಟ್ಟಿ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕುವುದು, ಆಮೇಲೆ ಏನು ಎತ್ತ ಅಂತ ವಿಚಾರಿಸುವುದು. ದವಾಖಾನೆಯಲ್ಲಿದ್ದ ಪ್ಲೇಗು ಹನುಮಪ್ಪನ ಗುಡಿಯ ಹತ್ತಿರ ಬರುವಾಗ ಕಳಕಪ್ಪನ ಮನೆಗೇ ಬಂದಿತ್ತು, ಊರಬಾಗಿಲ ಅಗಸಿ ಮುಟ್ಟುವಾಗ ಅವನ ಕಂಕುಳಲ್ಲಿ ಗಡ್ಡೆಯಾಗಿ ಎದ್ದಿತ್ತು. ಮಂದಿ ಕೊಡ, ಬೀಸುವ ಕಲ್ಲು, ಕೋಳಿ, ಮುದುಕರು, ಎಲ್ಲ ಹೊತ್ತುಕೊಂಡು ಹೊರಟರು.

ಹೊರಟದ್ದು ಎಲ್ಲಿಗೆ? ಅದನ್ನೂ ಕಳಕಪ್ಪನೇ ಕಲಿಸಿಟ್ಟಿದ್ದ. ಹಿಂದಿನ ಪ್ಲೇಗಿನಲ್ಲಿ ಅವನ ಹೊಲದ ಬಾವಿಯ ಬದಿಗೆ ಗುಡಿಸಲು ಹಾಕಿದವರಲ್ಲಿ ಒಬ್ಬರೂ ಸತ್ತಿರಲಿಲ್ಲ. ನಮ್ಮ ಹೊಲಕ್ಕ ಪ್ಲೇಗು ಕಾಲಿಡಂಗಿಲ್ಲ, ನಮ್ಮ ಬಾವಿ ನೀರಿನ ಗುಣ ಅಂಥಾದ್ದು ಅಂತ ಅವನು ಕಂಡಕಂಡ ಕಟ್ಟೆಯ ಮೇಲೆ ಕುಳಿತು ಕೊಚ್ಚಿಕೊಂಡಿದ್ದ.

ಕಳಕಪ್ಪ ಹೊಲದ ಬದು ಏರಿದಾಗ ಮೊದಲು ಹೊಗೆ ಕಂಡಿತು. ಆಮೇಲೆ ಕೋಳಿ ಕಂಡವು. ಆಮೇಲೆ ತನ್ನ ಬಾವಿಯ ಕಟ್ಟೆಯ ಮೇಲೆ ಮಾರೆವ್ವ ಸೀರೆ ಒಣಗಲು ಹಾಕುವುದು ಕಂಡಿತು. ಇಡೀ ಬೇವೂರು ಅವನ ಹೊಲದಲ್ಲಿ ಒಲೆ ಹೂಡಿ ಕುಳಿತಿತ್ತು. ಎಳೆಯ ತೆನೆ ಎದುರಿಗಿರುವಾಗ ಯಾರ ಕೈ ಸುಮ್ಮನಿದ್ದೀತು? ಅವನ ಜೋಳವನ್ನೇ ಮುರಿದು ಸೀತನಿ ಸುಡುತ್ತಿದ್ದರು.

ಇವರನ್ನು ನೋಡಿದ್ದೇ ಗದ್ದಲವೋ ಗದ್ದಲ. ಕುಂತವರು ಎದ್ದರು, ಎದ್ದವರು ಓಡಿದರು. ಊರ ಕುಲಕರ್ಣಿ ಯಂಕೋಬ ಮಾತ್ರ ಬಾವಿಯ ಆಚೆ ಬದಿಗೆ ನಿಂತು ಕೋಲು ಎತ್ತಿದ. ಪ್ಲೇಗಿನ ಸುದ್ದಿ ಬಂದಾಗ ಅವನು ಕ್ಷೌರಕ್ಕೆ ಕುಳಿತಿದ್ದ, ಅರ್ಧ ಗಡ್ಡ ಹೋಗಿ ಅರ್ಧ ಉಳಿದಿತ್ತು. "ಏನೋ ಕಳಕಪ್ಪ," ಅಂದ, "ಪ್ಲೇಗಿಗೆ ಸೀತನಿ ತಿನ್ನಿಸ್ಲಿಕ್ಕೆ ಕರಕೊಂಡು ಬಂದೀಯೇನು?"

ಶೇಖರಮ್ಮನಿಗೆ ತಲೆಬುಡ ತಿಳಿಯಲಿಲ್ಲ. ಯಾವ ಪ್ಲೇಗು ಅಂತ ಕೇಳಿದಳು. ನಿಮ್ಮ ದವಾಖಾನ್ಯಾಗಿಂದು ಅಂದರು. ನಮ್ಮ ದವಾಖಾನ್ಯಾಗ ಪ್ಲೇಗಿನವರು ಒಬ್ಬರೂ ಇಲ್ಲ, ಯಾರು ಹೇಳಿದರು ಅಂದಳು. ಎಲ್ಲರೂ ಮಾರೆವ್ವನನ್ನು ನೋಡಿದರು. ಮಾರೆವ್ವ ಗದ್ದ ಎತ್ತಿ ಕಳಕಪ್ಪನನ್ನು ತೋರಿಸಿದಳು.

ಕಳಕಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದ. "ನಾನ ಹೇಳಿದ್ಯವ್ವ," ಅಂದ. "ಸುಳ್ಳು ಹೇಳಿದೆ. ಒಂದಿನಾರ ನೀ ನನಗ ಸಿಗಲಿ ಅಂತ ಹೇಳಿದೆ."

ಹೊಲದಲ್ಲಿ ಒಮ್ಮೆಲೇ ಎಲ್ಲರ ಬಾಯಿ ಬಿಚ್ಚಿತು. ಒಬ್ಬಳ ಹಾಲು ಒಲೆಯ ಮೇಲೇ ಉಳಿದಿತ್ತು, ಒಬ್ಬನ ಮುದುಕ ತಂದೆ ಚಕ್ಕಡಿಯಿಂದ ಬಿದ್ದಿದ್ದ, ಯಂಕೋಬನ ಗಡ್ಡದ ಕತೆಯಂತೂ ಎಲ್ಲರಿಗೂ ಕಾಣುತ್ತಿತ್ತು. ಪಂಚರು ಸೇರಲಿ, ಇವನಿಗೆ ಊರ ಬೆಂಕಿ ನೀರು ಬಂದ್ ಆಗಲಿ ಅಂತ ಯಂಕೋಬ ಕೋಲು ಕುಟ್ಟಿದ. ಕಳಕಪ್ಪನ ಕಿವಿಗೆ ಅದಾವುದೂ ಬೀಳಲಿಲ್ಲ. ಮಗಳು ತಲೆ ತಗ್ಗಿಸಿ ನಿಂತಿದ್ದಳು. ಸತ್ಯ ನುಡಿಯುವ ಮಂದಿಯ ನಡುವೆ ಐದು ವರ್ಷ ಇದ್ದು ಬಂದ ಹುಡುಗಿ. ಅವಳ ಕಣ್ಣಲ್ಲಿ ತಾನು ಇಳಿದುಹೋದೆ ಅನ್ನುವುದೊಂದೇ ಅವನ ಎದೆ ಸುಡುತ್ತಿತ್ತು.

ಅಷ್ಟರಲ್ಲಿ ದೂರದಲ್ಲಿ ಮೋಟಾರಿನ ಸಪ್ಪಳ ಕೇಳಿತು. ಆ ಸೀಮೆಯಲ್ಲಿ ಮೋಟಾರು ಅಂದರೆ ಒಂದೇ, ಮಿಸ್ಸಮ್ಮನದು. ನಾಳೆ ಬರಬೇಕಾದದ್ದು ಇವತ್ತೇ ಬಂದು, ಖಾಲಿ ಊರು ನೋಡಿ ಗಾಬರಿಯಾಗಿ, ಹೊಗೆ ಕಂಡತ್ತ ತಿರುಗಿತ್ತು. ಶೇಖರಮ್ಮನ ಮುಖ ಬಿಳಿಚಿಕೊಂಡಿತು. ಅವಳು ಓಡಿಬಂದು ಅಪ್ಪನ ಕೈ ಹಿಡಿದಳು.

"ಅಪ್ಪಾ, ಮಲಕೋ. ಲಗೂನ ಮಲಕೋ."

"ಯಾಕವ್ವ?"

"ನಿನಗ ಜ್ವರ ಬಂದೈತಿ," ಅಂದಳು. "ಉಳಿಯೋದು ಕಷ್ಟ ಅಂತ ಹೇಳಿ ರಜಾ ತಗೊಂಡು ಬಂದೀನಿ. ಅದಕ್ಕ ಮಿಸ್ಸಮ್ಮ ನಿನ್ನ ನೋಡಾಕ ಇವತ್ತ ಬಂದಾಳ. ಬರೇ ಅಪ್ಪನ್ನ ನೋಡಬೇಕು ಅಂದ್ರ ಯಾರು ರಜಾ ಕೊಡತಾರ?"

ಕಳಕಪ್ಪ ಮಗಳನ್ನು ನೋಡಿದ. ಥೇಟ ತನ್ನ ಮಗಳೇ. ಐದು ವರ್ಷದಲ್ಲಿ ಅವನಿಗೆ ಅಷ್ಟು ಸಮಾಧಾನ ಎಂದೂ ಆಗಿರಲಿಲ್ಲ.

ಊರ ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಅಪ್ಪನ ಸುಳ್ಳಿಗೆ ಊರೇ ಬೀದಿಗೆ ಬಿದ್ದಿತ್ತು, ಈಗ ಮಗಳದೂ ಸುಳ್ಳೇ, ಅದು ಖರೆ. ಆದರೆ ನಿನ್ನೆ ಅದೇ ಹುಡುಗಿ ಒಬ್ಬೊಬ್ಬರ ಹುಣ್ಣು ತೊಳೆದು ಬಟ್ಟೆ ಕಟ್ಟಿದ್ದಳು, ಅದೂ ಖರೆ. ಮೊದಲು ಮಾರೆವ್ವ ಎದ್ದಳು. ಬೈಯೋದು ಆಮ್ಯಾಲ ಬೈಯೋಣ, ಮೊದಲ ಇವನ್ನ ಮಲಗಸ್ರಿ ಅಂದಳು. ಯಾರೋ ಕಂಬಳಿ ಹಾಸಿದರು, ಇನ್ಯಾರೋ ಕೌದಿ ಹೊದಿಸಿದರು. ಪಿಂಜಾರ ಶಬ್ಬೀರಸಾಬ ಹೊಸದಾಗಿ ಅರಳೆ ತುಂಬಿ ತಂದಿದ್ದ ರಜಾಯಿಯನ್ನು, ಅಲ್ಲಾ ನೋಡಿಕೊಳ್ಳಲಿ ಅನ್ನುತ್ತ ಮೇಲೆ ಹೇರಿದ. ಅದರ ಮೇಲೆ ಇನ್ನಷ್ಟು ಕೌದಿ ಬಂದವು. ಮಲಗಿಸಿದ್ದು ಸೀತನಿ ಸುಡುವ ಗುಂಡಿಯ ಪಕ್ಕದಲ್ಲೇ. ನಡು ಮಧ್ಯಾಹ್ನದ ಬಿಸಿಲು ಬೇರೆ.

ಮಿಸ್ಸಮ್ಮ ಇಳಿದು ಬಂದಳು. ಅವಳ ಕನ್ನಡ ಗ್ರಂಥದ ಕನ್ನಡ, ಒಂದೊಂದು ಮಾತೂ ಇಸ್ತ್ರಿ ಮಾಡಿದ ಹಾಗೆ. ರೋಗಿಯ ಸುತ್ತ ನೆರೆದ ಇಡೀ ಊರನ್ನು ನೋಡಿ ಕೇಳಿದಳು: "ಈ ಜನರೆಲ್ಲರೂ ಇಲ್ಲಿಗೆ ಯಾತಕ್ಕಾಗಿ ಬಂದಿದ್ದಾರೆ?"

ಯಂಕೋಬ ರುಮಾಲಿನ ಸೆರಗನ್ನು ಅರ್ಧ ಗಡ್ಡದ ಮೇಲೆ ಎಳೆದುಕೊಂಡು ಮುಂದೆ ಬಂದ. ಅವನು ಜನ್ಮದಲ್ಲಿ ಮಿಸ್ಸಮ್ಮನ ಹತ್ತಿರ ಮಾತಾಡಿದವನಲ್ಲ. "ಕಳಕಪ್ಪಗ ಜ್ವರ ಬಂದದರಿ," ಅಂದ. "ಮಾತಾಡಿಸಿ ಹೋಗೋಣ ಅಂತ ಬಂದೇವ್ರಿ."

ಮಿಸ್ಸಮ್ಮ ಬೀಸುವ ಕಲ್ಲು ನೋಡಿದಳು. ಕಟ್ಟಿಹಾಕಿದ ಎಮ್ಮೆ, ಬುಟ್ಟಿಯಡಿ ಮುಚ್ಚಿದ ಕೋಳಿ ನೋಡಿದಳು. ಅವಳ ಕಣ್ಣಲ್ಲಿ ನೀರು ಬಂತು. ಒಬ್ಬ ಬಡ ಒಕ್ಕಲಿಗನ ಜ್ವರಕ್ಕೆ ಮನೆ ಮಠ ಬಿಟ್ಟು, ಕೋಳಿ ಸಮೇತ ಬಂದು ಕೂತ ಊರನ್ನು ತಾನು ಎಲ್ಲಿಯೂ ಕಂಡಿಲ್ಲವೆಂದಳು. ಯಂಕೋಬ ವಿನಯದಿಂದ ನೆಲ ನೋಡಿದ.

ಆಮೇಲೆ ಅವಳು ರೋಗಿಯ ಬಾಯಲ್ಲಿ ಗಾಜಿನ ಕಡ್ಡಿ ಇಟ್ಟು, ನಾಡಿ ಹಿಡಿದಳು. ಕಂಬಳಿ, ಕೌದಿ, ರಜಾಯಿ, ಬಿಸಿಲು, ಕುಳ್ಳಿನ ಬೆಂಕಿ, ಮೇಲೆ ಸಿಕ್ಕಿಬೀಳುವ ಹೆದರಿಕೆ. ಕಳಕಪ್ಪನ ಮೈ ಹೆಂಚಿನಂತೆ ಕಾದಿತ್ತು, ಎದೆ ಕುಟ್ಟಾಣಿಯಂತೆ ಬಡಿಯುತ್ತಿತ್ತು. ಮಿಸ್ಸಮ್ಮ ಹೌಹಾರಿದಳು. ಇದು ಭಾರೀ ಜ್ವರ, ಇನ್ನು ಮೂರು ದಿನ ಹಾಸಿಗೆ ಬಿಡಬಾರದು, ಗಂಜಿಯ ಹೊರತು ಏನೂ ತಿನ್ನಬಾರದು, ಶೇಖರಮ್ಮ ಇಲ್ಲೇ ಇದ್ದು ಆರೈಕೆ ಮಾಡಲಿ, ಮೂರು ದಿನದ ಮೇಲೆ ತಾನೇ ಬಂದು ನೋಡುತ್ತೇನೆ ಅಂದಳು. ಅಲ್ಲೇ ಕುಳಿತು ತನ್ನ ಕೈಯಿಂದಲೇ ಹೊಟ್ಟೆ ತೊಳೆಯಲೆಂದು ಒಂದು ಬಟ್ಟಲು ಔಡಲೆಣ್ಣೆ ಕುಡಿಸಿದಳು. ಹೋಗುವ ಮೊದಲು ಮಾರೆವ್ವ ಕೊಟ್ಟ ಸೀತನಿಯನ್ನು ಬೆಲ್ಲ ಹಚ್ಚಿ ತಿಂದು, ಇದು ಅತಿ ರುಚಿಕರವಾದ ಪದಾರ್ಥ ಅಂತ ಹೊಗಳಿದಳು. ಮೋಟಾರು ಹತ್ತುವಾಗ, ರೋಗಿಯನ್ನು ನೋಡಿಕೊಳ್ಳಿರಿ ಅಂದದ್ದಕ್ಕೆ ಊರೆಲ್ಲ ಹೂಂ ಅಂದಿತು.

ಮೋಟಾರಿನ ಧೂಳು ಅಡಗಿದ ಮೇಲೆ ಊರಿಗೂ ಹಸಿವಾಯಿತು. ಬಂದದ್ದು ಬಂದೀವಿ, ತಿಂದ ಹೋಗೋಣ ಅಂದರು. ಪಂಪಮ್ಮನ ಮೊಸರು, ಬೆಲ್ಲ, ಚಟ್ನಿ ಎಲ್ಲ ಪಂಕ್ತಿಯಲ್ಲಿ ನಡೆದುಹೋದವು. ಹೊತ್ತು ಇಳಿಯುವಾಗ ಅವರೇ ಎತ್ತಿ ಚಕ್ಕಡಿಯಲ್ಲಿ ಹಾಕಿಕೊಂಡು ರೋಗಿಯನ್ನು ಮನೆ ಮುಟ್ಟಿಸಿದರು. ದಾರಿಯುದ್ದ ಬೈದರು, ಆದರೆ ಗುಂಡಿ ಬಂದಲ್ಲೆಲ್ಲ ಚಕ್ಕಡಿ ಮೆಲ್ಲಗೆ ಇಳಿಸಿದರು.

ಮನೆಯಲ್ಲಿ ಶೇಖರಮ್ಮ ಅಪ್ಪನ ತಲೆದಿಂಬಿನ ಹತ್ತಿರ ಕುಳಿತು ಸೆರಗು ಬಿಚ್ಚಿದಳು. ಒಳಗೆ ಒಂದು ಹಿಡಿ ಸೀತನಿ ಇತ್ತು. ಅಂಗೈಯಲ್ಲಿ ಹಾಕಿಕೊಂಡು ಹೊಟ್ಟು ಊದಿ, ಅಪ್ಪನ ಬಾಯಿಗೆ ಹಿಡಿದಳು.

"ನಾ ನಿನಗ ತಿನ್ನಸಬೇಕಂತ ಮಾಡಿದ್ದೆ," ಅಂದ ಕಳಕಪ್ಪ.

"ಯಾರು ತಿನ್ನಸಿದ್ರೇನಪ್ಪ. ಸುಳ್ಳು ಇಬ್ಬರದೂ ಒಂದ ಅಲ್ಲೇನು," ಅಂದಳು. ಮಿಸ್ಸಮ್ಮ ಬಂದಾಗ ಖರೇ ಹೇಳಿಬಿಡತೀನಿ, ಅಲ್ಲೀತನ ಸುಮ್ಮನ ಮಲಗು ಅಂತಲೂ ಅಂದಳು.

ಕಳಕಪ್ಪ ಮಗಳ ಅಂಗೈಗೆ ಬಾಯಿ ಹಚ್ಚಿ ತಿಂದ. ಹೊಟ್ಟೆಯಲ್ಲಿ ಔಡಲೆಣ್ಣೆ ತನ್ನ ಕೆಲಸ ಶುರು ಮಾಡಿತ್ತು, ಆದರೂ ಸೀತನಿ ಇಳಿಯಿತು. ಮಗಳಿಗೆ ಬದುಕು ಕೊಟ್ಟ ಮಿಸ್ಸಮ್ಮ ತಣ್ಣಗಿರಲಿ, ಕೌದಿ ಹೊದಿಸಿದ ಊರು ತಣ್ಣಗಿರಲಿ ಅಂದುಕೊಂಡ. ಒಂದು ದಿನ ಕೇಳಿದ್ದಕ್ಕೆ ದೇವರು ಮೂರು ದಿನ ಕೊಟ್ಟಿದ್ದ. ಇನ್ನು ಬಾಗಿಲು ಮುಚ್ಚಿಕೊಂಡು ಮಗಳ ಮಾತು ಕೇಳುವುದೊಂದೇ ಕೆಲಸ.

ಮರುದಿನ ಹೊತ್ತು ಹುಟ್ಟುವ ಮೊದಲೇ ಬಾಗಿಲು ಬಡಿದ ಸಪ್ಪಳವಾಯಿತು. ಮಾರೆವ್ವ ನಿಂತಿದ್ದಳು, ಹಿಂದೆ ಯಂಕೋಬ, ಶಬ್ಬೀರಸಾಬ, ಅವರ ಹಿಂದೆ ಓಣಿ ತುಂಬ ಊರು. ಕಳಕಪ್ಪ ಹಾಸಿಗೆಯಿಂದಲೇ ಕೈ ಮುಗಿದು, ಇವತ್ತೊಂದಿನ ಮಗಳನ್ನು ಬಿಟ್ಟುಬಿಡ್ರಿ ಅಂದ.

"ಮಗಳನ್ನ ನೋಡಾಕ ಯಾರು ಬಂದಾರೋ ತಮ್ಮಾ," ಅಂದಳು ಮಾರೆವ್ವ. ಒಳಗೆ ಬಂದು ಅವನ ಕಾಲ ಹತ್ತಿರ ಜಾಗ ಮಾಡಿಕೊಂಡು ಕುಳಿತಳು. "ಜ್ವರ ಬಂದವನ್ನ ಮಾತಾಡಸಾಕ ಬಂದೀವಿ. ಮಿಸ್ಸಮ್ಮಗ ಮಾತು ಕೊಟ್ಟೀವಿ, ಮೂರೂ ದಿನ ಬರತೀವಿ." ಆಮೇಲೆ ಶೇಖರಮ್ಮನ ಕಡೆ ತಿರುಗಿ ಮೊಣಕಾಲು ಮುಂದೆ ಚಾಚಿದಳು.