ಬ್ರೇಕಿಗೂ ಒಂದು ಆಯುಧಪೂಜೆ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಗುಣ ನನಗೆ ಹುಟ್ಟಿನಿಂದಲೇ ಇಲ್ಲ. ಹದಿನಾರು ವರ್ಷವಾದರೂ ಬಂದಿಲ್ಲವೆಂದರೆ ಇನ್ನು ಬರುವ ಭರವಸೆಯೂ ಇಲ್ಲ. ಉರ್ದು ಮಾಸ್ತರರ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ, ಅದಕ್ಕಿಂತ ದೊಡ್ಡ ಪ್ರಶ್ನೆಯೊಂದನ್ನು ಅವರಿಗೇ ಕೇಳಿ ಕೂತುಬಿಡುತ್ತೇನೆ. ಇನ್ನು ಮೋಟಾರಿನ ವಿಷಯವೋ, ಕೇಳಲೇಬೇಡಿ. ನಾರಾಯಣಪೇಟೆಯಲ್ಲಿ ಮೋಟಾರು ಏರಿದವರೇ ಕಡಿಮೆ. ಹಾಗಾಗಿ ನಾನು ಹೇಳಿದ್ದೇ ಶಾಸ್ತ್ರ.

ನಮ್ಮ ಕಾರು ನನಗಿಂತ ಹಿರಿದು. ಸೀರೆ ವ್ಯಾಪಾರಕ್ಕೆಂದು ಗದ್ವಾಲಕ್ಕೆ ಹೋದ ಅಪ್ಪ, ಅಲ್ಲಿಯ ಮುದಿ ವಕೀಲರೊಬ್ಬರಿಂದ ಅದನ್ನು ಕೊಂಡು ತಂದಿದ್ದರು. ಅದರ ಎಡಬಾಗಿಲು ಮುಚ್ಚಿಕೊಂಡಿರಬೇಕಾದರೆ ಒಳಗೆ ಕೂತವರು ಹಗ್ಗ ಹಿಡಿದಿರಬೇಕು. ಅದರ ಸ್ವಭಾವ ಬಲ್ಲವರು ಒಬ್ಬರೇ, ಹನ್ನೆರಡು ವರ್ಷದಿಂದ ಓಡಿಸುತ್ತಿದ್ದ ಡ್ರೈವರ್ ಖಾಸಿಂ ಚಾಚಾ. ನಿಜಾಮರ ರಾಜ್ಯಕ್ಕೆ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದ ಮೇಲೆ ಅವರು ಒಂದು ತಿಂಗಳು ಮಕ್ತಲ್‌ನ ತಂಗಿಯ ಮನೆಬಿಟ್ಟು ಹೊರಬಂದಿರಲಿಲ್ಲ. ಯಾಕೆಂದು ಯಾರೂ ಕೇಳಲಿಲ್ಲ. ಆ ತಿಂಗಳು ಮುಸಲ್ಮಾನರು ಬೀದಿಗಿಳಿಯಲು ಯಾಕೆ ಹೆದರುತ್ತಿದ್ದರೆಂಬುದು ಎಲ್ಲರಿಗೂ ಗೊತ್ತಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಅಂದು ಕಬ್ಬಿಣವೆನ್ನುವುದೆಲ್ಲ ಎಣ್ಣೆ ಕುಡಿಯಬೇಕು: ಕುಡುಗೋಲು, ಕತ್ತರಿ, ತಕ್ಕಡಿ, ಕೊನೆಗೆ ಬಾಗಿಲ ಚಿಲಕ. ಚಾಚಾ ಇಲ್ಲವಲ್ಲ, ಕಾರಿನ ಪೂಜೆ ನನ್ನ ಪಾಲಿಗೆ ಬಂತು. ಬೇರೆಯವರಾಗಿದ್ದರೆ ಬಾನೆಟ್ಟಿಗೆ ಮಾಲೆ ಹಾಕಿ ಕೈಮುಗಿಯುತ್ತಿದ್ದರು. ನಾನು ಬಲ್ಲವನು! ನಾಲ್ಕೂ ಚಕ್ರ ಬಿಚ್ಚಿದೆ. ಒಳಗೆ ಬ್ರೇಕಿನ ಡ್ರಮ್ಮು ಒಣಗಿ ಒರಟಾಗಿತ್ತು. ನೋಡಿ ಕರುಳು ಚುರುಕ್ ಎಂದಿತು. ಕುಸುಬಿ ಎಣ್ಣೆಯನ್ನು ಧಾರಾಳವಾಗಿ ಹಚ್ಚಿ, ಮೂರು ಬೆರಳಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ಮತ್ತೆ ಮುಚ್ಚಿದೆ. ಯಾರೂ ನೋಡಲಿಲ್ಲವಲ್ಲ ಎಂದು ಅಂದು ಬೇಸರವಾಗಿತ್ತು.

ಹಬ್ಬದ ಮರುದಿನ ಚಾಚಾ ಬಂದರು. ಮಕ್ತಲ್‌ನಲ್ಲಿದ್ದ ಅಕ್ಕನನ್ನು ಚೊಚ್ಚಲ ಹೆರಿಗೆಗೆ ಕರೆತರಲು ಅಪ್ಪನನ್ನು ಕೂರಿಸಿಕೊಂಡು ಹೊರಟರು. ಊರ ಹೊರಗಿನ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಕಾರಿಗೆ ಅದು ಕೇಳಿಸಲೇ ಇಲ್ಲ. ನಿಧಾನವಾಗಿ, ಬಹಳ ಗಾಂಭೀರ್ಯದಿಂದ, ಜೋಳದ ಸೊಪ್ಪೆಯ ಬಣವೆಯೊಳಕ್ಕೆ ಮೂಗು ತೂರಿಸಿ ನಿಂತಿತು. ಯಾರಿಗೂ ಗಾಯವಾಗಲಿಲ್ಲ. ಅಪ್ಪನ ರುಮಾಲು ಮಾತ್ರ ಒಂದು ಎಮ್ಮೆಯ ಪಾಲಾಯಿತು ಎಂದು ನಾನು ಹೇಳುತ್ತೇನೆ, ಅಪ್ಪ ಒಪ್ಪುವುದಿಲ್ಲ.

ಎತ್ತು ಕಟ್ಟಿ ಕಾರನ್ನು ಮನೆಗೆಳೆದು ತಂದರು. ಪಕ್ಕದ ಮನೆಯ ಬಸಪ್ಪ ಕಾಕಾ ಕಟ್ಟೆಗೆ ಬಂದು ಕೂತರು. "ತಿಂಗಳಾನುಗಟ್ಲೆ ಎಲ್ಲಿದ್ದನೋ, ಯಾರ ಕೂಡ ಇದ್ದನೋ. ಬಂದ ದಿನಾನ ಬ್ರೇಕ್ ಹೋತು. ನಾ ಏನೂ ಅನ್ನಂಗಿಲ್ಲಪ್ಪ."

ಅಪ್ಪ ಕಾರಿನ ಮೂಗಿಗೆ ಅಂಟಿದ್ದ ಸೊಪ್ಪೆಯನ್ನು ಕಿತ್ತು ಎಸೆದರು. ಆಮೇಲೆ, "ಖಾಸಿಂ, ಕೀಲಿ ಇಲ್ಲೇ ಇಟ್ಟು ಹೋಗು" ಎಂದರು.

ಚಾಚಾ ಸೊಂಟದ ದಾರದಿಂದ ಕೀಲಿ ಬಿಚ್ಚಿ ಕಟ್ಟೆಯ ಮೇಲಿಟ್ಟರು. ಬರಿಯ ದಾರ ಜೋತಾಡುತ್ತಿತ್ತು.

ನಾನು ಬಾಯಿ ಬಿಡಬೇಕಾದ ಹೊತ್ತು ಅದು. ಬಿಟ್ಟೆ ಕೂಡ. ರಾಡು ಸಡಿಲಾಗಿರಬಹುದು, ಲೈನಿಂಗ್ ಸವೆದಿರಬಹುದು, ಸ್ಪ್ರಿಂಗು ಮುರಿದಿರಬಹುದು ಎಂದೆಲ್ಲ ಐದು ಕಾರಣ ಬೆರಳು ಮಡಿಸಿ ವಿವರಿಸಿದೆ. "ಹುಡುಗ ಭಾಳ ಓದ್ಯಾನ" ಎಂದರು ಕಾಕಾ. ಆರನೆಯ ಕಾರಣಕ್ಕೆ ನನ್ನ ಕೈಯಲ್ಲಿ ಬೆರಳಿರಲಿಲ್ಲ.

ಮರುದಿನ ಮುಂಜಾನೆ ಚಾಚಾ ಮತ್ತೆ ಬಂದರು. "ಸಾವ್ಕಾರ್ರ, ಕೆಲಸ ಬಿಡಸ್ರಿ, ಆದ್ರ ಒಮ್ಮಿ ನೋಡಾಕ ಬಿಡ್ರಿ. ಹೆಸರು ಕೆಡಿಸ್ಕೊಂಡು ಹೆಂಗ ಹೋಗ್ಲಿ?"

ಅಪ್ಪ ಹೂಂ ಎಂದರು. ಚಾಚಾ ಪೆಡಲನ್ನು ಕೈಯಿಂದ ಒತ್ತಿದರು, ಗಟ್ಟಿಯಾಗಿತ್ತು. ಅಡಿಗೆ ನುಸುಳಿ ರಾಡು ಎಳೆದು ನೋಡಿದರು, ಸರಿಯಿತ್ತು. ಬ್ರೇಕ್ ಒತ್ತಿ ಹಿಡಿದು ನನ್ನಿಂದ ಕಾರು ತಳ್ಳಿಸಿದರು. ನನ್ನಂಥ ಕಡ್ಡಿ ತಳ್ಳಿದರೂ ಅದು ಸಲೀಸಾಗಿ ಮುಂದೆ ಹೋಯಿತು. "ಎಲ್ಲಾ ಎಳೀತೈತಿ, ಒಳಗ ಜಾರತೈತಿ" ಎಂದು ಗೊಣಗಿ, ಡ್ರಮ್ಮಿನ ಅಂಚಿಗೆ ಬೆರಳಾಡಿಸಿ ಮೂಸಿದರು. ಆಮೇಲೆ ನನ್ನನ್ನು ನೋಡಿದರು. ಬಯ್ಯಲಿಲ್ಲ, ಹೆಸರು ಹೇಳಲಿಲ್ಲ. ನಟ್ಟು ಬಿಚ್ಚುವ ಪಾನಾ ನನ್ನತ್ತ ಚಾಚಿ, "ಛೋಟೇ ಸಾವ್ಕಾರ್, ಬಿಚ್ಚೋಣೇನು?" ಎಂದರು.

ಬಿಚ್ಚುವುದೊಂದೇ ಬಾಕಿ. "ನಾನ ಹಚ್ಚೀನಿ ಚಾಚಾ" ಎಂದೆ.

"ಏನ್ ಹಚ್ಚೀದೀ?" ಎಂದರು ಅಂದೂ ಕಟ್ಟೆಗೆ ಬಂದು ಕೂತಿದ್ದ ಕಾಕಾ.

"ಎಣ್ಣಿ. ವಿಭೂತಿ. ಕುಂಕುಮಾನೂ."

ಕಾಕಾ ನಂಬಲಿಲ್ಲ. ಚಕ್ರ ಬಿಚ್ಚಿದರೆ, ಮಸಿಯೆಣ್ಣೆಯ ನಡುವೆ ಮೂರು ಗೆರೆ ಇನ್ನೂ ಮಸುಕಾಗಿ ಕಾಣುತ್ತಿದ್ದವು. ಕಾಕಾಗೆ ಮನೆಯಲ್ಲಿ ಏನೋ ಕೆಲಸ ನೆನಪಾಯಿತು. ಅಪ್ಪ, "ಕಾಯಿ ಒಂದು ಒಡೀಲಿಲ್ಲೇನು ಮಗನ?" ಎಂದರು. ನಗುತ್ತಿರಲಿಲ್ಲ. ಕೀಲಿ ತಂದು, "ಖಾಸಿಂ, ನಂದು ತಪ್ಪಾತು" ಎಂದು ಮುಂದೆ ಹಿಡಿದರು. ಚಾಚಾ ಕೂಡಲೇ ಕೈ ನೀಡಲಿಲ್ಲ. ಆ ಅಷ್ಟು ಹೊತ್ತನ್ನು ಉದ್ದ ಮಾಡಿ ಹೇಳುವ ಅಗತ್ಯ ನನಗೂ ಕಾಣುತ್ತಿಲ್ಲ. ಆಮೇಲೆ ತೆಗೆದುಕೊಂಡರು.

ಪೆಟ್ರೋಲಿನಲ್ಲಿ ತೊಳೆದು, ಉಸುಕಿನ ಕಾಗದದಿಂದ ಉಜ್ಜುವುದರಲ್ಲಿ ನನ್ನ ಆ ದಿನ ಮುಗಿಯಿತು. ಮರುದಿನ ನಾವು ಮೂವರೂ ಹೋಗಿ ಅಕ್ಕನನ್ನು ಕರೆತಂದೆವು. ದಾರಿಯಲ್ಲಿ ಅಕ್ಕ ಕೇಳಿದಳು, "ಬ್ರೇಕಿಂದು ಏನಾಗಿತ್ತಂತ ಯಾರು ಕಂಡು ಹಿಡದ್ರೋ?"

ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು. ಮುಂದಿನ ಸೀಟಿನ ಕನ್ನಡಿಯಲ್ಲಿ ಚಾಚಾನ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

"ಚಾಚಾ" ಎಂದೆ.

"ಕೆಡಿಸಿದವರು ಯಾರು?"

ನಾರಾಯಣಪೇಟೆ ಇನ್ನೂ ದೂರವಿತ್ತು. ಕಾರೋ, ಅಂದೇ ಬಹಳ ಮೆಲ್ಲಗೆ ಓಡುತ್ತಿತ್ತು.