ಅಳಿಯನ ಹಾಸಿಗೆಯ ಕರಗುನೀರು

ಬೆಳಿಗ್ಗೆ ಎಚ್ಚರವಾದಾಗ ಚನ್ನೇಶನ ಪಂಚೆ ಒದ್ದೆಯಾಗಿತ್ತು, ಹಾಸಿಗೆಯೂ ಒದ್ದೆಯಾಗಿತ್ತು. ಸ್ವಂತ ಮನೆಯಾಗಿದ್ದರೆ ಹೇಗೋ ಆಗುತ್ತಿತ್ತು. ಇದು ಸೊರಬದ ಮಾವನ ಮನೆ. ಶಿಕಾರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮೇಷ್ಟ್ರಾದ ಅವನು, ತವರಿಗೆ ಬಂದಿದ್ದ ಹೊಸ ಹೆಂಡತಿ ತೃಪ್ತಿಯನ್ನು ಕರೆದೊಯ್ಯಲು ಬಂದಿದ್ದ. ರಾತ್ರಿ ನಡುಮನೆಯ ಮಂಚದಲ್ಲಿ ಒಬ್ಬನೇ ಮಲಗಿದ್ದ.

ತಾನು ಅಂಥದ್ದೇನೂ ಮಾಡಿಲ್ಲವೆಂದು ಅವನಿಗೇನೋ ಗೊತ್ತಿತ್ತು. ನೋಡಿದವರಿಗೆ ಗೊತ್ತಾಗಬೇಕಲ್ಲ! ಹಾಸಿಗೆ ಸುತ್ತಿಡಲು ಬಗ್ಗುವಷ್ಟರಲ್ಲಿ ಅತ್ತೆ ರಾಜೇಶ್ವರಮ್ಮ ಕಾಫಿ ಹಿಡಿದು ಬಂದರು. ಹಾಸಿಗೆ ನೋಡಿದರು, ಪಂಚೆ ನೋಡಿದರು, ಆಮೇಲೆ ಗೋಡೆಯ ಕ್ಯಾಲೆಂಡರನ್ನು ಬಹಳ ಹೊತ್ತು ನೋಡಿದರು.

"ಇರ್ಲಿ ಬಿಡ್ರಿ, ನಾನು ಒಣಗಿಸ್ತೀನಿ."

ಚನ್ನೇಶ ನಾಚಿಕೆಯಿಂದ ಹಿಡಿಯಷ್ಟಾದ. ಅಷ್ಟರಲ್ಲಿ ಮಂಚದ ಪಕ್ಕದ ಫ್ರಿಜ್ ಕಣ್ಣಿಗೆ ಬಿತ್ತು. ರಾತ್ರಿ ಕರೆಂಟು ಹೋಗಿದ್ದೂ ನೆನಪಾಯಿತು. ಹೋದ ಜೀವ ಬಂತು.

"ಅತ್ತೆ, ಇದು ಫ್ರಿಜ್ಜಿನ ನೀರು. ಮಂಜುಗಡ್ಡೆ ಕರಗಿ ಬರೋ ನೀರಿಗೆ ವಿಜ್ಞಾನದಲ್ಲಿ ಕರಗುನೀರು ಅಂತಾರೆ."

ಅಲ್ಲಿಗೆ ನಿಲ್ಲಿಸಬೇಕಿತ್ತು. ಪಾಠ ಹೇಳುವ ಬಾಯಿ, ನಿಂತೀತೇ? ಹಿಮಾಲಯದಲ್ಲಿ ಹಿಮ ಕರಗುವುದು, ಆ ನೀರು ನದಿಗೆ ಸೇರುವುದು, ಮಳೆನೀರಿಗೆ ಈ ಹೆಸರು ಸಲ್ಲದೆಂಬುದು, ಎಲ್ಲವನ್ನೂ ಒದ್ದೆ ಪಂಚೆಯಲ್ಲೇ ನಿಂತು ವಿವರಿಸಿದ. ವಿವರಿಸಿದಷ್ಟೂ ಅತ್ತೆಯ ಮುಖದಲ್ಲಿ ಕನಿಕರ ಹೆಚ್ಚುತ್ತಾ ಹೋಯಿತು.

ಹಾಸಿಗೆ ಅಂಗಳದ ಕಟ್ಟೆಗೆ ಬಂದದ್ದೇ ತಡ, ಪಕ್ಕದ ಮನೆಯ ತಿಮ್ಮಮ್ಮ ಹಾಜರಾದಳು. ಒಳಗೆ ಗುಸುಗುಸು ನಡೆಯಿತು. ಹೊರಗೆ ಬಂದವಳು ಚನ್ನೇಶನಿಗೆ ಧೈರ್ಯ ಹೇಳಿದಳು.

"ನಮ್ಮ ಮೊಮ್ಮಗನಿಗೂ ಈ ಕರಗುನೀರಿನ ಕಾಯಿಲೆ ಇತ್ತು ಮೇಷ್ಟ್ರೆ. ಎಳ್ಳು ಬೆಲ್ಲ ಕೊಟ್ವಿ, ನಿಂತೇ ಹೋಯ್ತು."

ತೃಪ್ತಿ ಮಾತ್ರ ಅಡುಗೆಮನೆ ಬಿಟ್ಟು ಬರಲಿಲ್ಲ. ಅಳಿಯಂದಿರು ಶಿವಮೊಗ್ಗದ ಡಾಕ್ಟರಿಗೆ ತೋರಿಸಿಕೊಳ್ಳುವ ತನಕ ಮಗಳು ಇಲ್ಲೇ ಇರಲಿ ಎಂದು ಅತ್ತೆ ಮೆಲ್ಲಗೆ ತಿಳಿಸಿದರು. ಚನ್ನೇಶನ ಸಹನೆ ಅಲ್ಲಿಗೆ ಮುಗಿಯಿತು. ಎಲ್ಲರನ್ನೂ ಕರೆದು, ಸಾಕ್ಷಿ ತೋರಿಸುತ್ತೇನೆಂದು ಫ್ರಿಜ್ಜಿನ ಬಾಗಿಲು ತೆಗೆದ.

ಒಳಗೆ ಮಡಿಸಿಟ್ಟ ಸೀರೆಗಳಿದ್ದವು, ಹಪ್ಪಳದ ಡಬ್ಬವಿತ್ತು, ಅವನದೇ ಮದುವೆಯ ಆಲ್ಬಮ್ ಇತ್ತು.

"ಅದು ಕೆಟ್ಟು ಬಹಳ ಕಾಲ ಆಯ್ತು," ಅತ್ತೆ ನೆಲ ನೋಡುತ್ತಾ ಹೇಳಿದರು. "ಇಲಿ ನುಗ್ಗಲ್ಲ ಅಂತ ಸಾಮಾನು ಇಟ್ಟಿದೀವಿ."

ಚನ್ನೇಶ ಬಾಗಿಲನ್ನು ಮೆತ್ತಗೆ ಮುಚ್ಚಿದ. ತನ್ನ ಮೇಲೆ ತನಗೇ ಅನುಮಾನ ಹುಟ್ಟಿತು.

ಮಧ್ಯಾಹ್ನ ಒಬ್ಬನೇ ಹೊರಟ. ಮಾವ ಮಹೇಶ್ವರಪ್ಪ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಈಗ ಕುಂಟುತ್ತಾ ಬಸ್ ಸ್ಟ್ಯಾಂಡಿನವರೆಗೆ ಬಂದರು. ಬಸ್ಸು ಕಾಣುತ್ತಲೇ ಅಳಿಯನ ಕೈ ಹಿಡಿದರು.

"ನೀವು ಹೇಳಿದ್ದೇ ಸರಿ ಅಳಿಯಂದ್ರೆ. ಅದು ಕರಗುನೀರೇ."

ಹಿಂದಿನ ದಿನ ಸಂಜೆ ಸ್ಕೂಟರಿನಿಂದ ಬಿದ್ದು ಮಾವನ ಮಂಡಿ ಊದಿತ್ತಂತೆ. ಜ್ಯೂಸ್ ಅಂಗಡಿಯಿಂದ ಐಸ್ ತಂದು ರಾತ್ರಿ ನಡುಮನೆಯಲ್ಲಿ ಕೂತು ಒತ್ತಿಕೊಳ್ಳುತ್ತಿದ್ದರಂತೆ. ಹೆಂಡತಿ ನೀರು ಕುಡಿಯಲು ಎದ್ದದ್ದು ಕೇಳಿ, ಐಸಿನ ಚೀಲವನ್ನು ಮಲಗಿದ್ದ ಅಳಿಯನ ಹಾಸಿಗೆಗೆ ತುರುಕಿದರಂತೆ. ಬೆಳಗಾಗುವ ಮುಂಚೆ ಖಾಲಿ ಚೀಲ ತೆಗೆದರಂತೆ.

"ಹಂಗಾರೆ ಬನ್ನಿ ಮಾವ, ಮನೆಗೆ ಹೋಗಿ ಹೇಳೋಣ."

"ಬೇಡಿ ಮಾರಾಯ್ರೆ. ಸ್ಕೂಟರ್ ಮುಟ್ಟಲ್ಲ ಅಂತ ಅವಳ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದೀನಿ. ನಿಮಗಾದ್ರೆ ಕಾಯಿಲೆ ಅಂತ ಕನಿಕರ ತೋರಿಸ್ತಾರೆ. ನನಗೆ ಯಾರು ತೋರಿಸ್ತಾರೆ?"

ಹೆಣ್ಣು ಕೊಟ್ಟ ಮಾವ, ಕಣ್ಣಲ್ಲಿ ನೀರು ಬೇರೆ. ಚನ್ನೇಶ ಆಗಲಿ ಎಂದು ಬಸ್ಸು ಹತ್ತಿದ. ಅತ್ತೆ ಕಳಿಸಿದ ಎಳ್ಳುಂಡೆಯ ಪೊಟ್ಟಣವನ್ನು ಮಾವ ಕಿಟಕಿಯಲ್ಲಿ ಕೊಟ್ಟರು. ಹೇಗಿದ್ದರೂ ನಾಚಿಕೆ ಸೊರಬದಲ್ಲೇ ಉಳಿಯಿತು, ಶಿಕಾರಿಪುರದಲ್ಲಿ ತಲೆಯೆತ್ತಿ ಓಡಾಡಬಹುದು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅವ್ವ ಲೋಕಮ್ಮನ ಫೋನ್ ಬಂತು.

"ಬೀಗಿತ್ತಿ ಎಲ್ಲಾ ಹೇಳಿದ್ರು ಕಣಪ್ಪ. ನಾಚ್ಕೋಬ್ಯಾಡ, ಮಂಚಕ್ಕೆ ಪ್ಲಾಸ್ಟಿಕ್ ಹಾಸೀನಿ. ಹೈಸ್ಕೂಲಿಗೆ ಹೋಗೋತನ್ಕಾನೂ ನಿನಗಿದು ಇತ್ತಲ್ಲ, ಅದನ್ನೂ ಅವರಿಗೆ ಹೇಳಿದೆ."