ಇಬ್ಬರಿಗೊಂದು ಹರಗೋಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಹಾಗೆಂದು ಅದು ಕೆಟ್ಟ ಬಾಯಲ್ಲ. ಯಾರನ್ನೂ ಬೈದದ್ದಿಲ್ಲ, ಚಾಡಿ ಹೇಳಿದ್ದಿಲ್ಲ, ಎಲೆ ಅಡಿಕೆಯನ್ನು ಕೂಡ ಹಬ್ಬಕ್ಕೊಮ್ಮೆ ಕಂಡರೆ ಹೆಚ್ಚು. ಆದರೆ ಎದುರಿಗೆ ಮನುಷ್ಯ ಅನ್ನುವ ಪ್ರಾಣಿ ಕಂಡರೆ ಸಾಕು, ತಾನಾಗಿ ತೆರೆದುಕೊಂಡು "ಬರ್ರಿ" ಅನ್ನುತ್ತದೆ. ಉಣ್ಣುವಾಗ ಯಾರಾದರೂ ಬಂದರೆ "ಬರ್ರಿ, ಊಟ ಮಾಡೂಣು." ಚಹಾ ಕುಡಿಯುವಾಗ ಬಂದರೆ "ಬರ್ರಿ, ಅರ್ಧ ಕಪ್ ತಗೋರಿ." ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಬಾಗಿಲಲ್ಲಿ ಪರಿಚಯದವರೊಬ್ಬರು ಇಣುಕಿದರು. ಮಾತಾಡಲು ಆಗುವಂತಿರಲಿಲ್ಲ, ಆದರೂ ಕೈ ಎತ್ತಿ ಬರ್ರಿ ಬರ್ರಿ ಎಂದು ಸನ್ನೆ ಮಾಡಿದೆ. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟುಕೊಂಡು ದಿನಕ್ಕೆ ನೂರು ಸಲ ರೈತರನ್ನು ಬರ್ರಿ, ಕುಂದ್ರಿ ಎಂದು ಕರೆದೂ ಕರೆದೂ ಅಂಟಿದ ಚಟವಿದು ಎಂದು ನನ್ನ ವಾದ. ಹುಟ್ಟಿದಾಗಲೇ ಸೂಲಗಿತ್ತಿಗೆ ಬರ್ರಿ ಎಂದಿರಬೇಕು ಎಂದು ನನ್ನ ಹೆಂಡತಿ ಶಕುಂತಲಾಳ ವಾದ.

ನಮ್ಮ ಕಡೆ ಈ ಕರೆಯುವುದಕ್ಕೂ ಒಂದು ಶಾಸ್ತ್ರವಿದೆ. ಒಂದು ಸಲ ಬರ್ರಿ ಅಂದರೆ ಅದು ಮರ್ಯಾದೆ. ಎದುರಿನವರು "ಆಗಲಿ, ನೀವು ಹೋಗಿ ಬರ್ರಿ" ಎನ್ನಬೇಕು, ಅದೂ ಮರ್ಯಾದೆ. ಅಲ್ಲಿಗೆ ವ್ಯವಹಾರ ಮುಗಿಯಿತು, ಯಾರೂ ಎಲ್ಲಿಗೂ ಬರುವುದಿಲ್ಲ. ಎರಡನೆಯ ಸಲ ಕರೆದರೆ ಮಾತ್ರ ಖರೇ ಕರೆದಂತೆ. ಮೂರನೆಯ ಸಲ ತೋಳು ಹಿಡಿದರೆ ಬಾರದವನದೇ ತಪ್ಪು. ಶಾಸ್ತ್ರವೇನೋ ಚೊಕ್ಕಟವಾಗಿದೆ. ಆದರೆ ನನ್ನ ಹಣೆಬರಹಕ್ಕೆ ಮೊದಲನೆಯ ಕರೆಗೇ ಜನ ಹೊರಟು ನಿಲ್ಲುತ್ತಾರೆ. ಮದುವೆಯಾದ ಹೊಸದರಲ್ಲಿ ನಾವಿಬ್ಬರು ಜೋಗ ನೋಡಲು ಹೋದೆವು, ಹದಿನಾಲ್ಕು ಮಂದಿ. ಮದುವೆಯ ಹತ್ತನೆಯ ವರ್ಷಕ್ಕೆ ಇಬ್ಬರೇ ಸಿನೆಮಾಕ್ಕೆ ಹೋದೆವು, ಒಂದು ಸಾಲು ಪೂರ್ತಿ ನಮ್ಮದೇ. ಖಾಸಗಿ ಅನ್ನುವ ಶಬ್ದವನ್ನು ನಾನು ಬಸ್ಸಿಗೂ ದವಾಖಾನೆಗೂ ಬಿಟ್ಟು ಬೇರೆ ಯಾವುದಕ್ಕೂ ಬಳಸಿದವನಲ್ಲ.

ಎಲ್ಲರ ಜೇಬಿಗೂ ಆಗಷ್ಟೇ ಮೊಬೈಲು ಬಂದಿದ್ದ ವರ್ಷ ಅದು. ದೀಪಾವಳಿಗೆ ಹುಬ್ಬಳ್ಳಿಯಿಂದ ಬಂದ ಶಕುಂತಲಾಳ ತಂಗಿ, ತಾನೂ ಗಂಡನೂ ಕಾಶಿಗೆ ಹೋಗಿಬಂದ ಫೋಟೋಗಳನ್ನು ಹರವಿದಳು. ಅದರಲ್ಲೊಂದು ಫೋಟೋ. ಸಂಜೆಯ ಗಂಗೆ, ಸಾಲು ಸಾಲು ಘಾಟು, ಕೆಂಪು ನೀರು, ದೋಣಿಯಲ್ಲಿ ಇವರಿಬ್ಬರು. "ಇಡೀ ದೋಣಿ ನಮಗ ಅಷ್ಟ ಮಾಡಿದ್ವಿ ಅಕ್ಕಾ, ಪ್ರೈವೇಟ್. ಹೊತ್ತು ಮುಳುಗೂತನಾ ತೇಲಾಡಿದ್ವಿ" ಎಂದಳು. "ಹಂಗಾರ ಈ ಫೋಟೋ ತಗದವರು ಯಾರು?" ಎಂದು ನಾನು ಜಾಣತನದ ಪ್ರಶ್ನೆ ಕೇಳಿದೆ. ಇಬ್ಬರೂ ಅಕ್ಕತಂಗಿಯರು ನನ್ನನ್ನು ನೋಡಿದ ರೀತಿಗೆ ಎದ್ದು ಅಂಗಡಿಗೆ ಹೋದೆ.

ತಂಗಿ ಊರಿಗೆ ಹೋದ ಮರುದಿನ ಶಕುಂತಲಾ ರೊಟ್ಟಿ ಬಡಿಯುತ್ತ ತಲೆ ಎತ್ತದೆ ಹೇಳಿದಳು, "ನನಗ ಕಾಶಿ ಬ್ಯಾಡ, ಗಂಗಿ ಬ್ಯಾಡ. ಒಂದ ಒಂದು ಸಂಜಿ, ನೀರಿನ ಮ್ಯಾಲ, ನಾವಿಬ್ಬರ. ಮೂರನೇದಾಂವ ಇದ್ದರ ಅಂವ ಹುಟ್ಟು ಹಾಕಾಂವ ಇರಬೇಕು. ಇಪ್ಪತ್ತೆರಡು ವರ್ಷ ಆತು, ಇಬ್ಬರ ಕೂಡಿ ಎಲ್ಲೀಗರೆ ಹೋಗೇವೇನು? ಆಗ್ತೈತೇನು ನಿಮ್ಮ ಕಡಿಂದ?" ಅವಳು ಕೂಗಾಡಿದ್ದರೆ ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ. ಮೆತ್ತಗೆ ಕೇಳಿದಳು. "ಕಾಶ್ಯಾಗ ಹರಿಯೂದು ಒಂದ ಹೊಳಿ. ಗಳಗನಾಥದಾಗ ತುಂಗಭದ್ರಾ, ವರದಾ ಎರಡೂ ಕೂಡ್ತಾವ. ಗುಡಿ ಅಂತೂ ಯಾವ ಕಾಲದ್ದೋ ಏನೋ. ಬರೂ ಸೋಮವಾರ ನಿನ್ನ ಅಲ್ಲೆ ಹರಗೋಲಿನ್ಯಾಗ ಕರಕೊಂಡು ಹೋಗ್ತೇನಿ, ನಾವಿಬ್ಬರ!" ಎಂದು ಎದೆ ತಟ್ಟಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದೇ ಕರಾರು ಹಾಕಿದಳು. ದಾರಿಯಲ್ಲಿ ಯಾರಿಗೂ ಬರ್ರಿ ಅನ್ನಬಾರದು.

ಗಳಗನಾಥದ ಗಿರಾಕಿಯೊಬ್ಬರ ಮೂಲಕ ಅಂಬಿಗರ ಫಕ್ಕೀರಪ್ಪನಿಗೆ ಹೇಳಿಕಳಿಸಿದೆ. ಇಬ್ಬರಿಗೇ ಹರಗೋಲು ಬೇಕು, ಆಚೆ ದಂಡೆಗೆ ಹೋಗುವುದಲ್ಲ, ಸುಮ್ಮನೆ ನೀರಿನ ಮೇಲೆ ಸುತ್ತುವುದು ಎಂದು. ಫಕ್ಕೀರಪ್ಪ ಗಾಬರಿಯಾಗಿ ತಿರುಗಿ ಕೇಳಿಸಿದ್ದನಂತೆ, "ಯಾರಿಗಿ ಆರಾಮ ಇಲ್ರಿ?" ಅವನ ಅನುಭವದಲ್ಲಿ ತುಂಬುವ ತನಕ ಕಾಯದೆ ಹರಗೋಲು ಬಿಡುವುದು ಡಾಕ್ಟರ ಹತ್ತಿರ ಒಯ್ಯಬೇಕಾದವರಿಗೆ ಮಾತ್ರ.

ಗಳಗನಾಥಕ್ಕೆ ನೇರ ದಾರಿಯೆಂದು ನಮ್ಮೂರಿಂದ ಗುತ್ತಲದ ಬಸ್ಸು ಹತ್ತಿದರೆ ಬಸ್ಸಿನ ತುಂಬ ನನ್ನ ಗಿರಾಕಿಗಳೇ ಇರುತ್ತಾರೆ. ಅದಕ್ಕೆ ಹಾವೇರಿಯ ಮೇಲೆ ಸುತ್ತುಹಾಕಿ ಹೋಗುವುದೆಂದು ಶಕುಂತಲಾಳೇ ಯೋಜನೆ ಹಾಕಿದಳು. ಸೋಮವಾರ ಮಧ್ಯಾಹ್ನ ಅವಳು ಗಿಣಿಹಸಿರು ಇಳಕಲ್ ಸೀರೆ ಉಟ್ಟು, ಇಬ್ಬರಿಗೇ ಎಣಿಸಿ ಚಪಾತಿ ಕಟ್ಟಿಕೊಂಡು ಹೊರಗೆ ಬಂದಾಗ ನನಗೆ ಹೊಸ ಮದುಮಗನ ಹುರುಪು ಬಂದಿತ್ತು. ಮನೆಗೆ ಬೀಗ ಹಾಕಿದೆ. ತುಟಿಗಳನ್ನು ಒಳಕ್ಕೆ ಮಡಚಿಕೊಂಡೆ. ಹನ್ನೆರಡು ಹೆಜ್ಜೆ ನಡೆದಿರಬೇಕು, ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದ ನಿವೃತ್ತ ಪಾಟೀಲ ಮಾಸ್ತರರು "ಏನ್ರಿ, ಜೋಡೀಲೆ ಹೊಂಟತಿ ಸವಾರಿ?" ಎಂದರು.

"ಇಲ್ಲೇ ಗಳಗನಾಥಕ್ರಿ ಮಾಸ್ತರ, ಬರ್ರಿ ನೀವೂ!"

ಅಂದದ್ದು ನಾನಲ್ಲ, ನನ್ನ ಬಾಯಿ. ಮಾಸ್ತರರು ಆಗಲಿ, ಹೋಗಿ ಬರ್ರಿ ಎನ್ನಬೇಕಿತ್ತು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರಿಗೆ ಇಷ್ಟು ಗೊತ್ತಿರಬೇಡವೇ? "ತಡೀರಿ, ಚಪ್ಪಲಿ ಮೆಟ್ಟಿ ಬಂದೆ" ಎಂದು ಒಳಗೆ ಹೋದರು. ಶಕುಂತಲಾ ನನ್ನನ್ನು ನೋಡಲಿಲ್ಲ. ಗೋಡೆಯ ಮೇಲಿದ್ದ ಸಿಮೆಂಟಿನ ಜಾಹೀರಾತನ್ನು ಗಮನವಿಟ್ಟು ಓದತೊಡಗಿದಳು.

ಬಸ್ಸಿನಲ್ಲಿ ಕೂತ ಮೇಲೆ ಕಿವಿಯಲ್ಲಿ ಹೇಳಿದೆ, ಮಾಸ್ತರರು ಗುಡಿ ನೋಡಲಿ, ನಾವು ಹೊಳೆಗೆ ಹೋಗೋಣ, ಇನ್ನು ನನ್ನ ಬಾಯಿಗೆ ಹೊಲಿಗೆ ಹಾಕಿಕೊಂಡೆ ಅಂತ ತಿಳಿ. ಮಾತಿಗೆ ತಪ್ಪಲಿಲ್ಲ. ಮೋಟೆಬೆನ್ನೂರಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ದಲಾಲ ಬಸವಣ್ಣೆಪ್ಪ ಹೆಂಡತಿಯೊಡನೆ ಬಸ್ಸು ಹತ್ತಿ "ಓಹೋ, ಎಲ್ಲಾ ಕೂಡಿ ಎತ್ತಾಗ?" ಎಂದಾಗ ಕಿಟಕಿಯ ಹೊರಗೆ ನೋಡುತ್ತ ಕಲ್ಲಾಗಿ ಕೂತೆ. ದೇವರೇ, ಅದೆಷ್ಟು ಕಷ್ಟ! ಗಂಟಲಲ್ಲಿ ಬರ್ರಿ ಬಂದು ನಿಂತು ಕೆಮ್ಮಾಯಿತು. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಪಾಟೀಲ ಮಾಸ್ತರರು, "ಗಳಗನಾಥಕ್ಕ ಹೊಂಟೇವಿ, ಹರಗೋಲ ಸೈತ ಗೊತ್ತು ಮಾಡ್ಯಾರ ಇವರು. ಬರ್ರಿ ನೀವೂ" ಎಂದುಬಿಟ್ಟರು. ಬಸವಣ್ಣೆಪ್ಪ ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಖುಷಿಯಿಂದ ತಲೆ ಆಡಿಸುತ್ತಿದ್ದಳು. ನೋಡು, ಈ ಸಲ ನಾನಲ್ಲ ಎಂದು ಶಕುಂತಲಾಳ ಕಡೆ ತಿರುಗಿದೆ. ಅವಳು ಕಣ್ಣು ಮುಚ್ಚಿ ಕೂತಿದ್ದಳು.

ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಆದದ್ದಕ್ಕೆ ಮಾತ್ರ ನಾನೇ ಪೂರ್ತಿ ಹೊಣೆ. ಗುತ್ತಲದ ಬಸ್ಸಿಗೆ ಕಾಯುತ್ತಿದ್ದಾಗ ಎದುರಿಗೆ ಬಂದವರು ಶಕುಂತಲಾಳ ಚಿಗವ್ವ, ಅಂದರೆ ಅವಳ ತಾಯಿಯ ತಂಗಿ, ನೀಲಮ್ಮ. ಪರರನ್ನೆಲ್ಲ ಕರೆದು ಹೆಂಡತಿಯ ಕಡೆಯವರನ್ನೇ ಬಿಟ್ಟರೆ ಆ ಮಾತು ಜನ್ಮವಿಡೀ ಉಳಿಯುತ್ತದಲ್ಲ ಎಂದು ಲೆಕ್ಕ ಹಾಕಿ, "ಚಿಗವ್ವಾ, ಬರ್ರಿ ನೀವೂ" ಎಂದೆ. ಪುಣ್ಯಾತಗಿತ್ತಿ, ಶಾಸ್ತ್ರಬದ್ಧವಾಗಿ "ಆಗಲಪ್ಪಾ, ನೀವು ಹೋಗಿ ಬರ್ರಿ" ಎಂದರು. ನನ್ನ ಜೀವಮಾನದಲ್ಲಿ ಮೊದಲ ಬಾರಿ ಒಬ್ಬರು ಸರಿಯಾದ ಉತ್ತರ ಕೊಟ್ಟಿದ್ದರು. ಆ ಸಂತೋಷಕ್ಕೆ ಮೈಮರೆತು "ಹಂಗಂದ್ರ ಹೆಂಗ್ರಿ? ಬರ್ರಿ ಬರ್ರಿ!" ಎಂದು ಕೈಚೀಲ ಇಸಿದುಕೊಂಡೆ. ಎರಡನೆಯ ಕರೆ! ಶಕುಂತಲಾಳ ಕಣ್ಣಲ್ಲಿ ಆಗ ಸಿಟ್ಟಿರಲಿಲ್ಲ. ನೀರಿತ್ತು. ಅವಳು ಬೇಗ ಬೇಗನೆ ಚಿಗವ್ವನ ಕಾಲಿಗೆ ನಮಸ್ಕರಿಸಲು ಬಗ್ಗಿದಳು. ನನಗೆ ಅಲ್ಲೇ ಭೂಮಿ ಬಾಯಿಬಿಟ್ಟರೆ ಸಾಕಿತ್ತು. ಬಿಟ್ಟಿದ್ದರೂ ಒಳಗೆ ಹೋಗುವಾಗ ಇನ್ನಾರನ್ನೋ ಕರೆಯುತ್ತಿದ್ದೆನೇನೋ.

ಗಳಗನಾಥದ ಹೊಳೆದಂಡೆಯಲ್ಲಿ ಫಕ್ಕೀರಪ್ಪ ಒಂದು ಹೊಸ ಚಾಪೆಯನ್ನು ಹರಗೋಲಿಗೆ ಹಾಸಿ ನಿಂತಿದ್ದ. ಗುಂಪನ್ನು ನೋಡಿ ಅವನ ಮುಖ ಅರಳಿತು. "ಹಿಂಗ ಹೇಳಬಾರದೇನ್ರಿ ಮದ್ಲ? ಇಬ್ಬರ ಅಂದ್ರಿ, ನಾ ಹೆದರಿದ್ದೆ!" ಎಂದ. ತಲೆ ಎಣಿಸಿದ. "ಆದರ ಐದಕ್ಕಿಂತ ಹೆಚ್ಚಿಗಿ ಹತ್ತಿಸಾಂಗಿಲ್ರಿ. ಒಬ್ಬರು ಉಳೀಬೇಕಾಗ್ತೈತಿ." ನಾವು ಆರು ಮಂದಿ. ನಾನೇ ನಿಲ್ಲುತ್ತೇನೆ ಎಂದೆ. ಕರೆದುಕೊಂಡು ಬಂದ ಯಜಮಾನರನ್ನೇ ಬಿಟ್ಟು ಹೋಗುವುದೆಂದರೇನು ಎಂದು ಎಲ್ಲರೂ ಗದ್ದಲವೆಬ್ಬಿಸಿದರು. ಬಸವಣ್ಣೆಪ್ಪ ನನ್ನ ತೋಳು ಹಿಡಿದು ಎಳೆದ. ಶಾಸ್ತ್ರದ ಪ್ರಕಾರ ತೋಳು ಹಿಡಿದ ಮೇಲೆ ಮಾತಿಲ್ಲ. ಶಕುಂತಲಾ ಮೆಟ್ಟಿಲ ಮೇಲೆ ಕೂತು, "ಹೋಗ್ರಿ, ಕರದವರು ನೀವ ಅಲ್ಲೇನು? ನಾ ಇಲ್ಲೇ ಕುಂದರ್ತೇನಿ" ಎಂದಳು.

ಹೊಳೆಯ ಮೇಲೆ ನಡೆದ ಸಂಭ್ರಮವನ್ನು ಏನು ಹೇಳಲಿ! ಹರಗೋಲು ದುಂಡಗಿರುತ್ತದೆ, ಅದಕ್ಕೆ ಮುಂದು ಹಿಂದು ಎಂಬುದಿಲ್ಲ. ಮಾಸ್ತರರು ಗುಡಿಯ ಕಡೆ ಬೆರಳು ಮಾಡಿ ಶಿಲ್ಪದ ವಿಚಾರ ಶುರು ಮಾಡುವಷ್ಟರಲ್ಲಿ ಹರಗೋಲು ತಿರುಗಿ ಬೆರಳ ತುದಿಗೆ ಜಾಲಿಗಿಡ ಬರುತ್ತಿತ್ತು, ಅವರು ನಿಲ್ಲಿಸದೆ ಜಾಲಿಗಿಡಕ್ಕೇ ಶಿಲ್ಪ ವಿವರಿಸುತ್ತಿದ್ದರು. ಚಿಗವ್ವ ಇದ್ದಬದ್ದ ದೇವರನ್ನೆಲ್ಲ ಕೂಗಿ ನನ್ನ ಅಂಗಿಯ ತೋಳು ಹಿಡಿದುಕೊಂಡು ಮರುಗಳಿಗೆಗೆ ಸಣ್ಣ ಹುಡುಗಿಯಂತೆ ನಗುತ್ತಿದ್ದರು. ಬಸವಣ್ಣೆಪ್ಪನ ಹೆಂಡತಿ ಚುರುಮುರಿಯ ಪೊಟ್ಟಣ ಬಿಚ್ಚಿದಳು. ನಡುನೀರಿನಲ್ಲಿ ಬಸವಣ್ಣೆಪ್ಪನ ಮೊಬೈಲು ಬಡಿದುಕೊಂಡಿತು, ಬ್ಯಾಡಗಿಯಿಂದ ಅವನ ಅಣ್ಣ. "ಹಲೋ! ನಾ ಹೊಳ್ಯಾಗ ಅದೇನಿ! ಹೊಳ್ಯಾಗ! ಇಲ್ಲೋ, ಬಿದ್ದಿಲ್ಲ, ಅದೇನಿ ಅಷ್ಟ!" ಎಂದು ಅವನು ಒದರುತ್ತಿದ್ದಂತೆ ಸಿಗ್ನಲ್ಲು ಹೋಯಿತು. ಬ್ಯಾಡಗಿಯಲ್ಲಿ ಅವನ ಅಣ್ಣನ ಮನೆಯಲ್ಲಿ ಏನಾಗಿರಬಹುದೆಂದು ನೆನೆದು ಐದೂ ಮಂದಿ ಬಿದ್ದು ಬಿದ್ದು ನಕ್ಕೆವು. ಹರಗೋಲು ಅಲುಗಾಡಿ ಫಕ್ಕೀರಪ್ಪ ಬೈದ, ಬೈಯುತ್ತ ಅವನೂ ನಕ್ಕ. ನಾಚಿಕೆಯ ಮಾತು, ನಾನೂ ಮನಸಾರೆ ನಕ್ಕೆ. ದಂಡೆಯಲ್ಲಿ ಗಿಣಿಹಸಿರು ಸೀರೆ ಒಂದೇ ಕಾಣುತ್ತಿದೆ ಎಂಬುದು ಹರಗೋಲು ಮೂರನೆಯ ಸುತ್ತು ಹೊಡೆದಾಗ ಕಣ್ಣಿಗೆ ಬಿತ್ತು. ಕೈಯಲ್ಲಿದ್ದ ಚುರುಮುರಿಯನ್ನು ಪೊಟ್ಟಣಕ್ಕೇ ತಿರುಗಿ ಸುರಿದೆ.

ದಂಡೆ ಮುಟ್ಟುವುದಕ್ಕೂ ಗುಡಿಯ ಗಂಟೆ ಬಾರಿಸುವುದಕ್ಕೂ ಸರಿಹೋಯಿತು. ಮಂಗಳಾರತಿ ಎಂದು ಎಲ್ಲರೂ ಆ ಕಡೆ ಓಡಿದರು. ಹೊತ್ತು ಮುಳುಗಲು ಇನ್ನೂ ಒಂದು ಮಾರು ಇತ್ತು. ಫಕ್ಕೀರಪ್ಪ "ಇನ್ನೊಂದು ಸುತ್ತು ಆಗ್ತೈತಿ ನೋಡ್ರಿ, ಲಗೂ ಬರ್ರಿ" ಎಂದ. ಸ್ವರ್ಗವೇ ಸಿಕ್ಕಿತು! ಶಕುಂತಲಾಳಿಗೆ ಕೈ ಚಾಚಿದೆ, ಅವಳು ಎದ್ದಳು ಕೂಡ. ಆಗ ಹಿಂದಿನಿಂದ ಚಿಗವ್ವ, "ಅಪ್ಪಾ, ಈ ಮೆಟ್ಟಲಾ ಏರಾಕ ಕಾಲು ನಡಗ್ತಾವ" ಎಂದರು. ಒಂದು ನಿಮಿಷ ಎಂದು ಹೇಳಿ ಅವರ ಕೈ ಹಿಡಿದು ಗುಡಿಯ ಬಾಗಿಲ ತನಕ ಬಿಟ್ಟೆ. ಅವರ ಚಪ್ಪಲಿ ನೀರಿನ ಹತ್ತಿರವೇ ಉಳಿದಿತ್ತು, ತರುತ್ತೇನೆ ಎಂದು ಓಡಿ ಬಂದೆ.

ಹರಗೋಲು ದಂಡೆಯಲ್ಲಿರಲಿಲ್ಲ. ನಡುಹೊಳೆಯಲ್ಲಿ, ಹೊಸ ಚಾಪೆಯ ಮೇಲೆ ಶಕುಂತಲಾ ಒಬ್ಬಳೇ ಕೂತಿದ್ದಳು. ಸೆರಗು ಗಾಳಿಗೆ ಹಾರುತ್ತಿತ್ತು. ಅವಳು ನನಗೆ ಕಟ್ಟಿದ್ದ ಚಪಾತಿಯನ್ನೂ ಬಿಚ್ಚಿ ಅರ್ಧ ಫಕ್ಕೀರಪ್ಪನಿಗೆ ಕೊಡುತ್ತಿದ್ದಳು. ಕೂಗಿ ಕರೆಯೋಣವೆಂದರೆ ಜೀವನದಲ್ಲಿ ಮೊದಲ ಸಲ ನನ್ನ ಬಾಯಿ ತೆರೆಯಲಿಲ್ಲ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಕೈಯಲ್ಲಿ ಚಿಗವ್ವನ ಚಪ್ಪಲಿ ಹಿಡಿದು ನಿಂತೇ ಇದ್ದೆ. ಸೂರ್ಯ ಮುಳುಗುತ್ತಿದ್ದದ್ದು ನನ್ನ ಬೆನ್ನ ಹಿಂದೆ, ಗುಡಿಯಾಚೆ. ನಾನು ತಿರುಗಿಯೂ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದೆ.

ಹರಗೋಲು ಮುಟ್ಟಿತು. ಕೈ ಕೊಟ್ಟು ಇಳಿಸಿಕೊಂಡೆ. ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿ, "ತಪ್ಪಾತು. ನಾ ಇಲ್ಲದ ಹೋಗಬೇಕಾತು ನಿನಗ" ಎಂದೆ.

"ಯಾಕ, ನೀವು ಇದ್ರಲ್ಲ" ಎಂದಳು. ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ. "ಇಪ್ಪತ್ತೆರಡು ವರ್ಷದಾಗ ನಿಮ್ಮ ಬಾಜೂಕ ಯಾರೂ ಇಲ್ಲದ ನೀವೊಬ್ಬರ ನಿಂತದ್ದು ನಾ ಇವತ್ತ ನೋಡಿದ್ದು. ಹಿಂದ ಗುಡಿ, ಕೆಂಪು ಮುಗಿಲು, ಕೈಯಾಗ ಚಪ್ಪಲಿ. ಭಾಳ ಛಂದ ಕಾಣತಿದ್ರಿ." ಆಮೇಲೆ ಗುಡಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಈ ಮಾತು ಯಾರ ಮುಂದೂ ಹೇಳಬ್ಯಾಡ್ರಿ ಮತ್ತ. ಇದೊಂದರೆ ನಮ್ಮಿಬ್ಬರದ ಇರಲಿ."

ಇರಲಿ ಎಂದು ಅವಳ ತಲೆ ಮುಟ್ಟಿ ಆಣೆ ಮಾಡಿದೆ. ಹಾವೇರಿ ಬರುವ ತನಕ ತುಟಿ ಬಿಚ್ಚಲಿಲ್ಲ. ಮಾಸ್ತರರು ಎಷ್ಟು ಕೆದಕಿದರೂ, ಚಿಗವ್ವ ಎಷ್ಟು ಕೇಳಿದರೂ ಹೇಳಲಿಲ್ಲ. ಇಷ್ಟು ವರ್ಷ ಬಹಳ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದೆ. ಈಗ ನೋಡಿ, ನೀವು ಎದುರಿಗೆ ಸಿಕ್ಕಿರಿ, ನಿಮ್ಮನ್ನೆಲ್ಲ ಕರೆದು ಕೂಡಿಸಿಕೊಂಡು ಅದನ್ನೂ ಹೇಳಿ ಮುಗಿಸಿದೆ.